ಕಣ್ಣೀರು ಬೇಡ, ಲೆಕ್ಕ ತೋರಿಸಿ

1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟರು. 2013ರ ಕನ್ನಡದ ‘ಲೂಸಿಯಾ’ಕ್ಕೆ ಪ್ರೇಕ್ಷಕರೇ ಬಂಡವಾಳ ಹಾಕಿದರು. ಯಾರೂ ಅತ್ತು ಬೇಡಲಿಲ್ಲ; ಮಾಡುವ ಕೆಲಸ ಹೇಳಿ ಜನರನ್ನು ಪಾಲುದಾರರನ್ನಾಗಿ ಮಾಡಿಕೊಂಡರು.

ಇಂದು ಚಿಕಿತ್ಸೆಗೆ ಚಂದಾ ಎತ್ತುವವರು ಮಾಡುತ್ತಿರುವುದೇನು? ಮೂಗಿಗೆ ನಳಿಕೆ ಹಾಕಿದ ಮಗುವಿನ ಚಿತ್ರವನ್ನು ಮೊಬೈಲಿನಿಂದ ಮೊಬೈಲಿಗೆ ಹಂಚುತ್ತಾರೆ. ಬಡವರ ಮಗುವಿಗೆ ಮಾನವಿಲ್ಲವೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡುವವನನ್ನು ಪ್ರವಾದಿ(ಸ) ಹೊಗಳಿದರು. ಕೊಡುವವನೇ ಮರೆಯಲ್ಲಿರಬೇಕಾದಲ್ಲಿ, ಪಡೆಯುವವನ ಮುಖವನ್ನು ಊರಿಗೆಲ್ಲ ತೋರಿಸುವುದು ಯಾವ ನ್ಯಾಯ?

ತೋರಿಸಬೇಕಾದದ್ದು ಆಸ್ಪತ್ರೆಯ ಅಂದಾಜು ಪಟ್ಟಿ, ಬಂದ ಹಣ, ಆದ ಖರ್ಚು. ಗುರಿ ಮುಟ್ಟಿದ ದಿನವೇ ಸಂಗ್ರಹ ನಿಲ್ಲಿಸಿ, ಉಳಿದದ್ದು ಎಲ್ಲಿಗೆ ಹೋಯಿತೆಂದು ತಿಳಿಸಿ. ಲೆಕ್ಕ ಕೊಟ್ಟವರು ಮುಂದಿನ ಸಲ ಕೇಳಿದಾಗಲೂ ಜನ ಜೇಬಿಗೆ ಕೈ ಹಾಕುತ್ತಾರೆ.