ಸಮುದ್ರ ಮಾರ್ಗದ ಸಣ್ಣ ದಾಳಿ ತಂಡಗಳು ಮತ್ತು ಕರಾವಳಿಯ ದೋಣಿ ನೋಂದಣಿ: ಒಂದು ಅವಲೋಕನ

ಮೀನುಗಾರಿಕೆ ದೋಣಿಯ ನೋಂದಣಿ, ಪರವಾನಗಿ ನವೀಕರಣ ಹಾಗೂ ಗುರುತಿನ ಚೀಟಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಒಂದು ಪ್ರಶ್ನೆ ಸಹಜವಾಗಿ ಉದ್ಭವಿಸುತ್ತದೆ. ನಾಲ್ಕಾರು ಜನರು ಹೋಗಿಬರುವ ದೋಣಿಗೆ ಇಷ್ಟೊಂದು ದಾಖಲೆಗಳೇಕೆ? ಈ ಪ್ರಶ್ನೆಗೆ ಉತ್ತರಿಸಬೇಕಾದರೆ, ಕೆಲವೇ ಜನರ ತಂಡವೊಂದು ಸಮುದ್ರದಿಂದ ಬಂದು ಒಂದು ದೇಶದ ಒಳನಾಡಿಗೆ ಎಷ್ಟರ ಮಟ್ಟಿಗೆ ಹಾನಿಯುಂಟುಮಾಡಬಲ್ಲದು ಎಂಬುದನ್ನು ಮೊದಲು ಪರಿಶೀಲಿಸುವುದು ಅವಶ್ಯವಾಗಿದೆ.

ಹಿಂದಿನ ಉದಾಹರಣೆಗಳನ್ನು ಮಾತ್ರ ನೋಡಿದಲ್ಲಿ ಇಂತಹ ತಂಡಗಳಿಂದ ಹೆಚ್ಚಿನ ಹಾನಿಯಿಲ್ಲವೆಂದೇ ತೋರುತ್ತದೆ. 1778ರ ಏಪ್ರಿಲ್‌ನಲ್ಲಿ ಅಮೆರಿಕದ ನೌಕಾಧಿಕಾರಿ ಜಾನ್ ಪಾಲ್ ಜೋನ್ಸ್ ಸುಮಾರು 30 ಜನರೊಂದಿಗೆ ಇಂಗ್ಲೆಂಡಿನ ವೈಟ್‌ಹೇವನ್ ಬಂದರಿಗೆ ರಾತ್ರಿ ವೇಳೆಯಲ್ಲಿ ನುಗ್ಗಿದನು. ಕೋಟೆಯ ಫಿರಂಗಿಗಳನ್ನು ನಿಷ್ಕ್ರಿಯಗೊಳಿಸಿ ಒಂದು ಕಲ್ಲಿದ್ದಲು ಹಡಗಿಗೆ ಬೆಂಕಿಯಿಡಲಾಯಿತಾದರೂ, ತಂಡದವನೇ ಒಬ್ಬನು ಊರಿನವರನ್ನು ಎಬ್ಬಿಸಿದ್ದರಿಂದ ಉಳಿದ ಹಡಗುಗಳು ಪಾರಾದವು. 1942ರ ಜೂನ್‌ನಲ್ಲಿ ಜರ್ಮನಿಯು ಜಲಾಂತರ್ಗಾಮಿಗಳ ಮೂಲಕ ಎಂಟು ಜನರನ್ನು ಅಮೆರಿಕದ ಲಾಂಗ್ ಐಲ್ಯಾಂಡ್ ಮತ್ತು ಫ್ಲಾರಿಡಾ ತೀರಗಳಲ್ಲಿ ಇಳಿಸಿತು. ಕಾರ್ಖಾನೆಗಳನ್ನು ಸ್ಫೋಟಿಸುವುದು ಅವರ ಉದ್ದೇಶವಾಗಿತ್ತು. ಒಂದೂ ಸ್ಫೋಟ ನಡೆಯುವ ಮೊದಲೇ ಎಂಟೂ ಜನರು ಸೆರೆಯಾದರು. ಲಾಂಗ್ ಐಲ್ಯಾಂಡಿನ ಮರಳಿನ ಮೇಲೆ ಅವರನ್ನು ಮೊದಲು ಕಂಡವನು ಆಯುಧವೂ ಇಲ್ಲದೆ ಗಸ್ತು ತಿರುಗುತ್ತಿದ್ದ ಒಬ್ಬ ಸಾಮಾನ್ಯ ಕರಾವಳಿ ಕಾವಲುಗಾರನೆಂಬುದು ಇಲ್ಲಿ ಗಮನಾರ್ಹ.

ಆದರೆ ಭಾರತದ ಅನುಭವವು ಇದಕ್ಕೆ ವ್ಯತಿರಿಕ್ತವಾಗಿರುತ್ತದೆ. 1993ರ ಮಾರ್ಚ್ 12ರಂದು ಮುಂಬಯಿಯಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ 257 ಜನರು ಮೃತಪಟ್ಟರು. ಇದಕ್ಕೆ ಬಳಸಲಾದ ಆರ್‌ಡಿಎಕ್ಸ್ ರಾಯಗಡ ಜಿಲ್ಲೆಯ ಕರಾವಳಿಯಲ್ಲಿ ಇಳಿದಿತ್ತು. ಕಳ್ಳಸಾಗಣೆಗೆ ಕಣ್ಣುಮುಚ್ಚಿ ಕುಳಿತಿದ್ದ ಸುಂಕ ಮತ್ತು ಪೊಲೀಸ್ ಇಲಾಖೆಗಳ ಕೆಲವು ನೌಕರರೂ ಶಿಕ್ಷೆಗೆ ಗುರಿಯಾದರು.

2008ರ ನವೆಂಬರ್ 26ರ ಘಟನೆಯು ಇನ್ನಷ್ಟು ವಿವರವಾಗಿ ಪರಿಶೀಲಿಸತಕ್ಕದ್ದು. ಕರಾಚಿಯಿಂದ ಹೊರಟ ಲಷ್ಕರ್-ಎ-ತೊಯ್ಬಾದ ಹತ್ತು ಜನರು ನಡುಸಮುದ್ರದಲ್ಲಿ ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ಐವರು ಮೀನುಗಾರರನ್ನೂ ಕೊಲ್ಲಲಾಯಿತು. ದಾಳಿಯಲ್ಲಿ ಮೊದಲು ಪ್ರಾಣ ಕಳೆದುಕೊಂಡವರು ಮೀನುಗಾರರೇ ಎಂಬ ಸಂಗತಿಯನ್ನು ಅನೇಕರು ಮರೆತಿರುತ್ತಾರೆ. ಮುಂಬಯಿ ಸಮೀಪಿಸಿದ ನಂತರ ರಬ್ಬರ್ ದೋಣಿಯಲ್ಲಿ ಕೊಲಾಬಾ ಬಳಿಯ ಮೀನುಗಾರರ ಕೇರಿಯ ದಡಕ್ಕೆ ತಂಡವು ಇಳಿಯಿತು. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಅವರನ್ನು ಪ್ರಶ್ನಿಸಿದವರೂ ಆ ಕೇರಿಯ ಜನರೇ. ಮುಂದಿನ ಸುಮಾರು 60 ಗಂಟೆಗಳಲ್ಲಿ 166 ಜನರು ಮೃತರಾದರು, 300ಕ್ಕೂ ಹೆಚ್ಚು ಜನರು ಗಾಯಗೊಂಡರು. ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನವರು.

ಹತ್ತು ಜನರಿಂದ ಇದು ಸಾಧ್ಯವಾದುದಕ್ಕೆ ಸಮುದ್ರ ಮಾರ್ಗವೊಂದೇ ಕಾರಣವಲ್ಲ. ಡೇವಿಡ್ ಹೆಡ್ಲಿ ಎಂಬಾತನು ಮುಂಬಯಿಗೆ ಹಲವು ಬಾರಿ ಬಂದು ಗುರಿಗಳನ್ನೂ ಇಳಿಯುವ ಸ್ಥಳವನ್ನೂ ಮುಂಚಿತವಾಗಿ ನೋಡಿಕೊಂಡು ಹೋಗಿದ್ದನು. ದಾಳಿಯ ವೇಳೆ ಪಾಕಿಸ್ತಾನದಿಂದ ದೂರವಾಣಿಯಲ್ಲಿ ನಿರ್ದೇಶನಗಳು ಬರುತ್ತಿದ್ದವು. ಹೆಡ್ಲಿಗೆ ಅಮೆರಿಕದ ನ್ಯಾಯಾಲಯವು 2013ರಲ್ಲಿ 35 ವರ್ಷಗಳ ಶಿಕ್ಷೆ ವಿಧಿಸಿತು. ಸಹಚರನೆಂಬ ಆರೋಪ ಹೊತ್ತ ತಹವ್ವುರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಹಸ್ತಾಂತರಿಸಲಾಯಿತು. 1942ರ ಜರ್ಮನ್ ತಂಡವು ಕಾರ್ಖಾನೆಗಳನ್ನು ಹುಡುಕಿಕೊಂಡು ಹೋಗಬೇಕಿತ್ತು. 2008ರ ತಂಡಕ್ಕೆ ನಿರಾಯುಧ ಜನಸಂದಣಿಯೇ ಗುರಿಯಾಗಿತ್ತು, ಅದು ದಡದಿಂದ ಕೆಲವೇ ನಿಮಿಷಗಳ ದೂರದಲ್ಲಿತ್ತು. ಹಾನಿಯ ಪ್ರಮಾಣವನ್ನು ನಿರ್ಧರಿಸಿದ್ದು ತಂಡದ ಗಾತ್ರಕ್ಕಿಂತ ಈ ವ್ಯತ್ಯಾಸವೆಂದೇ ಹೇಳಬೇಕಾಗುತ್ತದೆ.

ಜಮಾ-ಖರ್ಚಿನ ದೃಷ್ಟಿಯಿಂದಲೂ ಈ ವಿಷಯವನ್ನು ನೋಡಬಹುದಾಗಿದೆ. ಆಕ್ರಮಣಕಾರನ ವೆಚ್ಚ ಒಂದು ಬಾರಿಯದು, ರಕ್ಷಿಸುವವನ ವೆಚ್ಚ ಪ್ರತಿವರ್ಷದ್ದು. 2009ರ ಫೆಬ್ರವರಿಯಲ್ಲಿ ಸಮಗ್ರ ಸಾಗರ ಭದ್ರತೆಯ ಹೊಣೆಯನ್ನು ನೌಕಾಪಡೆಗೆ ವಹಿಸಲಾಯಿತು. ಮೊದಲ ಹಂತದಲ್ಲಿ 46 ರಡಾರ್ ಕೇಂದ್ರಗಳ ಸರಪಣಿ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿ ಮಲ್ಪೆಯನ್ನು ಕೇಂದ್ರಸ್ಥಾನವಾಗುಳ್ಳ ಕರಾವಳಿ ಕಾವಲು ಪೊಲೀಸ್ ವ್ಯವಸ್ಥೆಯಡಿ ಹೆಜಮಾಡಿ, ಗಂಗೊಳ್ಳಿ, ಭಟ್ಕಳ, ಕಾರವಾರ ಮೊದಲಾದೆಡೆ ಒಟ್ಟು 9 ಠಾಣೆಗಳಿರುತ್ತವೆ. ದಾಳಿಯೇ ನಡೆಯದಿದ್ದರೂ ಆತಂಕಕ್ಕೆ ಬೆಲೆ ತೆರಬೇಕಾಗುತ್ತದೆ. 2022ರ ಆಗಸ್ಟ್‌ನಲ್ಲಿ ರಾಯಗಡದ ಹರಿಹರೇಶ್ವರ ತೀರಕ್ಕೆ ಮೂರು ಎ.ಕೆ.-47 ಬಂದೂಕುಗಳಿದ್ದ ಖಾಲಿ ದೋಣಿಯೊಂದು ತೇಲಿ ಬಂದಾಗ ಎಲ್ಲೆಡೆ ಕಟ್ಟೆಚ್ಚರ ಘೋಷಿಸಲಾಯಿತು. ಅದು ವಿದೇಶೀಯರೊಬ್ಬರಿಗೆ ಸೇರಿದ್ದು, ಎಂಜಿನ್ ಕೆಟ್ಟು ಸಮುದ್ರದಲ್ಲಿ ಕೈಬಿಟ್ಟ ದೋಣಿಯೆಂದು ನಂತರ ತಿಳಿದುಬಂತು.

ಇನ್ನು ನೋಂದಣಿಯ ವಿಷಯ. ನೋಂದಣಿಯಿಂದ ದಾಳಿ ತಾನೇ ನಿಲ್ಲುತ್ತದೆಂದು ಭಾವಿಸಿದಲ್ಲಿ ತಪ್ಪಾಗುತ್ತದೆ. ‘ಕುಬೇರ್’ ಭಾರತದ್ದೇ ಬೋಟಾಗಿತ್ತು. ನೂರಾರು ಬೋಟುಗಳ ನಡುವೆ ಅದು ಯಾರಿಗೂ ಅನುಮಾನ ಹುಟ್ಟಿಸಲಿಲ್ಲ. ದಾಖಲೆಯ ನಿಜವಾದ ಪ್ರಯೋಜನವು ಬೇರೆಯೇ ಆಗಿದೆ. ಯಾವ ಬೋಟು ಯಾವ ದಿನ ಯಾರನ್ನು ಕರೆದುಕೊಂಡು ಹೊರಟಿತು, ಯಾವಾಗ ಮರಳಬೇಕಿತ್ತು ಎಂಬುದು ತಿಳಿದಿದ್ದಲ್ಲಿ ಮಾತ್ರ ಮರಳದ ಬೋಟಿನ ಬಗ್ಗೆ ಯಾರಾದರೂ ವಿಚಾರಿಸಲು ಸಾಧ್ಯ.

ಇದು ಭದ್ರತೆಗಷ್ಟೇ ಸೀಮಿತವಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ತೆರಳಿದ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅಪಹರಣವಾಗಿರಬಹುದೆಂಬ ಶಂಕೆಯಲ್ಲಿ ಕುಟುಂಬದವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಿನಲ್ಲಷ್ಟೇ ಮಹಾರಾಷ್ಟ್ರದ ಮಾಲ್ವಣ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷಗಳು ನೌಕಾಪಡೆಗೆ ದೊರೆತವು. ಆ ಬೋಟಿನ ಸ್ಥಾನವನ್ನು ಉಪಗ್ರಹಕ್ಕೆ ತಿಳಿಸುವ ಸಾಧನವಿದ್ದಿದ್ದರೆ ಆ ಕಾಯುವಿಕೆಯಾದರೂ ತಪ್ಪುತ್ತಿತ್ತು. ಇಸ್ರೋ ಅಭಿವೃದ್ಧಿಪಡಿಸಿದ ಇಂತಹ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಕೇಂದ್ರದ ಯೋಜನೆಯ ಹಿನ್ನೆಲೆಯಲ್ಲಿ ಈ ಅಂಶವೂ ಇದೆ. ಮೀನು ಸಿಗುವ ಜಾಗದ ಗುಟ್ಟು ಬಯಲಾಗುತ್ತದೆಂದು ಕೆಲವು ತಾಂಡೇಲರು ಹಿಂಜರಿಯುವುದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಚಂಡಮಾರುತದ ಮುನ್ಸೂಚನೆಯೂ ಅದೇ ಸಾಧನದಲ್ಲಿ ಬರುತ್ತದೆ.

ಅರ್ಜಿದಾರರಲ್ಲಿ ಹೆಚ್ಚಾಗಿ ಕಂಡುಬರುವ ಲೋಪವೆಂದರೆ, ಬೋಟು ಮಾರಾಟವಾದ ನಂತರವೂ ನೋಂದಣಿಯು ಹಳೆಯ ಮಾಲೀಕರ ಹೆಸರಿನಲ್ಲಿಯೇ ಮುಂದುವರಿಯುವುದು. ಇಂತಹ ಬೋಟು ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದಲ್ಲಿ ಕರೆಯು ಸಂಬಂಧವೇ ಇಲ್ಲದ ಮನೆಗೆ ಹೋಗುತ್ತದೆ. ಆದುದರಿಂದ ವರ್ಗಾವಣೆಯ ಅರ್ಜಿಯನ್ನು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ, ಬೋಟು ದಡದಲ್ಲಿರುವಾಗಲೇ ಸಲ್ಲಿಸುವುದು ಅನುಕೂಲಕರ. ಸಮುದ್ರದಲ್ಲಾಗಲಿ ದಡದಲ್ಲಾಗಲಿ ಅಪರಿಚಿತ ದೋಣಿ ಕಂಡುಬಂದಲ್ಲಿ ಕರಾವಳಿ ಕಾವಲು ಪೊಲೀಸ್ ಸಹಾಯವಾಣಿ 1093ಕ್ಕೆ, ಸಮುದ್ರದಲ್ಲಿ ರಕ್ಷಣೆ ಬೇಕಾದಲ್ಲಿ ಕೋಸ್ಟ್ ಗಾರ್ಡ್ ಸಹಾಯವಾಣಿ 1554ಕ್ಕೆ ಕರೆ ಮಾಡಬಹುದಾಗಿದೆ.