ಸೀಸನ್ ಮುಗದ ಮ್ಯಾಲೆ ಹುಡುಗೂರಿಗೆ ಮಾರ್ಕ್ಸ್ ಹಾಕೋ ಮುಂದ

ಸಪ್ಟೆಂಬರ್ ಅರ್ಧಾ ದಾಟಿತಂದ್ರ ನಮ್ಮ ಸ್ಯಾನ್ ಹೋಸೆದಾಗಿನ ಸಣ್ಣ ಬೇಸ್‌ಬಾಲ್ ಗ್ರೌಂಡಿಗೆ ಕೀಲಿ ಬೀಳ್ತದ. ಏಪ್ರಿಲ್‌ನಿಂದ 132 ಮ್ಯಾಚ್ ಆಡಿ ದಣದ ಹುಡುಗೂರು ಗಂಟು ಮೂಟಿ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಹೋಗ್ತಾರ. ಅವರು ಹೋದ ಮ್ಯಾಲೆ ಇನ್ನೊಂದು ಆಟ ಶುರು ಆಗ್ತದ. ಇವರೊಳಗ ಯಾರು ಮುಂದ ದೊಡ್ಡ ಟೀಮಿಗೆ ಹೋಗ್ತಾನ, ಯಾರು ಹೋಗಂಗಿಲ್ಲ ಅಂತ ಪಟ್ಟಿ ಮಾಡೋ ಆಟ. 'ಬೇಸ್‌ಬಾಲ್ ಅಮೆರಿಕಾ' ಅಂತ ಒಂದು ಪತ್ರಿಕಾ ಅದ, 'ಎಮ್‌ಎಲ್‌ಬಿ ಪೈಪ್‌ಲೈನ್' ಅಂತ ಇನ್ನೊಂದದ. ಒಂದೊಂದು ಟೀಮಿನ 30 ಹುಡುಗೂರನ್ನ ಒಂದರಿಂದ ಮೂವತ್ತರ ತನಕ ನಂಬರ್ ಹಾಕಿ ನಿಲ್ಲಸ್ತಾರ. ಥೇಟ್ ನಮ್ಮ ಎಸ್ಸೆಸ್ಸೆಲ್ಸಿ ರಿಜಲ್ಟ್ ಬೋರ್ಡಿನಂಗ.

"ಏನವಾ, ಮೆಂತೆಹಿಟ್ಟಿನ ಬಗ್ಗೆ ಬರಿಯೋದು ಬಿಟ್ಟು ಇಕಿ ಬೇಸ್‌ಬಾಲ್ ಹಿಡದಾಳಲ್ಲ" ಅಂತ ವೈನಿ ಅಂದೇ ಅಂತಾರ. ಆದ್ರ ಹುಡುಗೂರನ್ನ ಅಳಿಯೋ ಕೆಲಸ ನಮ್ಮ ಮನಿ ಹೆಣ್ಣಮಕ್ಕಳಷ್ಟು ಯಾರು ಮಾಡ್ಯಾರ ಹೇಳ್ರಿ? ಯಾರ ಮಗ ಎಷ್ಟು ಪರ್ಸೆಂಟು, ಯಾವ ಕಾಲೇಜು, ಪಗಾರ ಎಷ್ಟು ಅಂತ ಒಂದು ಲಗ್ನದ ಪಂಕ್ತಿ ಮುಗಿಯೋದ್ರಾಗ ನಾವು ಪಟ್ಟಿ ತಯಾರು ಮಾಡೋ ಮಂದಿ. ಅದಕ್ಕ ಈ ವಿಷಯ ನಿಮಗ ಹೇಳಿದ್ರ ಲಗೂನ ತಿಳೀತದ.

ಮೊದಲ ಈ ಊರಿನ ಟೀಮು ಎಲ್ಲಿ ನಿಂತದ ಅನ್ನೋದು ಹೇಳತೀನಿ. ಅಗದೀ ಮ್ಯಾಲೆ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್, ಅದು ದೊಡ್ಡ ಟೀಮು, ಟಿವ್ಯಾಗ ಬರೋದು. ಅದರ ಕೆಳಗ ಮೆಟ್ಲಾ ಮೆಟ್ಲಾ ಸ್ಯಾಕ್ರಮೆಂಟೊ, ಆಮ್ಯಾಲೆ ವರ್ಜೀನಿಯಾದ ರಿಚ್ಮಂಡ್, ಆಮ್ಯಾಲೆ ಆರೆಗಾನ್‌ದ ಯೂಜೀನ್, ಅದರ ಕೆಳಗ ನಮ್ಮ ಸ್ಯಾನ್ ಹೋಸೆ. 1988ರಿಂದ ಈ ಊರು ಜಯಂಟ್ಸ್ ಮನಿಗೆ ಸೇರೇದ. ಗ್ರೌಂಡ್ ಅಂತೂ 1942ರಾಗ ಕಟ್ಟಿದ್ದು, ನಾಕು ಸಾವಿರ ಮಂದಿ ಚಿಲ್ಲರೆ ಕೂಡ್ತಾರ, ಅಷ್ಟ. ಆದ್ರ ಇದ ಮಣ್ಣಾಗ ಬಸ್ಟರ್ ಪೋಸಿ, ಮ್ಯಾಡಿಸನ್ ಬಮ್‌ಗಾರ್ನರ್, ಬ್ರ್ಯಾಂಡನ್ ಕ್ರಾಫರ್ಡ್ ಮೂರೂ ಮಂದಿ 2009ರಾಗ ಆಡಿ ಹೋಗ್ಯಾರ. ಮುಂದ ಇವರು ವರ್ಲ್ಡ್ ಸಿರೀಸ್ ಗೆದ್ದವರು. ಹಿಂಗಾಗಿ ಇಲ್ಲಿ ಪ್ರತಿ ವರ್ಷ ಎಲ್ಲಾರಿಗೂ ಅದ ಆಶಾ, ಈ ಸಲ ಪೋಸಿ ಯಾರು ಅಂತ.

ನನ್ನ ತಕರಾರು ಏನಂದ್ರ, ಈ ಪಟ್ಟಿ ಮಾಡೋ ಮುಂದ ಮಂದಿ ಎರಡ ನೋಡ್ತಾರ. ಒಂದು, ಎಷ್ಟು ಹೊಡದಾನ. ಎರಡು, ಅವನಿಗೆ ಎಷ್ಟು ರೊಕ್ಕ ಕೊಟ್ಟು ತಂದಾರ. ಈ ಕೆಳಗಿನ ಮೆಟ್ಲದಾಗ ಎರಡೂ ಭಾಳ ಕಡಿಮಿ ಹೇಳ್ತಾವ.

ಸುಮ್ನ ಬಾಯಿ ಮಾತಲ್ಲ, 2021ರ ಟೀಮನ್ನ ತೊಗೊಂಡು ನೋಡೋಣ. ಆ ವರ್ಷ ಫ್ರೆಸ್ನೊ ಟೀಮನ್ನ ಸೋಲಿಸಿ ನಮ್ಮವರು ಚಾಂಪಿಯನ್ ಆದ್ರು. ಆ ಟೀಮಿನ ಹುಡುಗೂರದು ಆಮ್ಯಾಲೆ ಏನಾತು ಅನ್ನೋದು ಈಗ ಎಲ್ಲಾರಿಗೂ ಗೊತ್ತದ, ಹಿಂಗಾಗಿ ತಾಳಿ ನೋಡಲಿಕ್ಕೆ ಬರ್ತದ.

ಆವಾಗ ಎಲ್ಲಾರ ಬಾಯಾಗೂ ಒಂದ ಹೆಸರು, ಮಾರ್ಕೊ ಲುಸಿಯಾನೊ. ಡೊಮಿನಿಕನ್ ರಿಪಬ್ಲಿಕ್‌ನ ಹುಡುಗ. 2018ರಾಗ, ಇನ್ನೂ 16 ವರ್ಷದಾಂವ ಇದ್ದಾಗ, 26 ಲಕ್ಷ ಡಾಲರ್ ಕೊಟ್ಟು ತಂದಿದ್ರು. ಸ್ಯಾನ್ ಹೋಸೆದಾಗ 70 ಮ್ಯಾಚಿನ್ಯಾಗ 18 ಹೋಮ್ ರನ್ ಹೊಡದ. ಹೋಮ್ ರನ್ ಅಂದ್ರ ನಮ್ಮ ಸಿಕ್ಸರ್ ಅಂತ ತಿಳಕೋರಿ, ಆದ್ರ ಅದಕ್ಕಿಂತ ಭಾಳ ಅಪರೂಪ. ಅದ ಸೀಸನ್‌ದಾಗ ಒಂದು ಮೆಟ್ಲಾ ಮ್ಯಾಲೆ ಯೂಜೀನ್‌ಗೆ ಕಳಿಸಿದ್ರು, ಅಲ್ಲೆ 36 ಮ್ಯಾಚಿನ್ಯಾಗ ಒಂದ ಹೋಮ್ ರನ್. ಎರಡನೇ ಹೆಸರು ಲೂಯಿಸ್ ಮಾತೋಸ್, ವೆನೆಜುವೆಲಾದಾಂವ, 19 ವರ್ಷ. ಸರಾಸರಿ 0.313, ಅಂದ್ರ ಹತ್ತು ಸಲ ಹೋದ್ರ ಮೂರು ಸಲಕ್ಕಿಂತ ಹೆಚ್ಚು ಹಿಟ್, 15 ಹೋಮ್ ರನ್, ಲೀಗಿನ ಶ್ರೇಷ್ಠ ಆಟಗಾರ ಅಂತ ಬಹುಮಾನ. ಮೂರನೇದವ ಕೈಲ್ ಹ್ಯಾರಿಸನ್, ಎಡಗೈ ಪಿಚರ್, ಅಂದ್ರ ಬೌಲರ್ ಇದ್ದಂಗ. ನೂರಕ್ಕ ಸ್ವಲ್ಪ ಕಡಿಮಿ ಇನ್ನಿಂಗ್ಸ್‌ನ್ಯಾಗ 157 ಮಂದೀನ ಸ್ಟ್ರೈಕ್‌ಔಟ್ ಮಾಡಿದ.

ಇವರು ಪಂಕ್ತಿಯೊಳಗ ಮುಂದಿನ ಎಲಿಗೆ ಕೂತವರು. ಇನ್ನ ಹಿಂದಿನ ಎಲಿ ನೋಡ್ರಿ.

ಪ್ಯಾಟ್ರಿಕ್ ಬೇಯ್ಲಿ ಅಂತ ಒಬ್ಬ ಕ್ಯಾಚರ್. ಕ್ಯಾಚರ್ ಅಂದ್ರ ವಿಕೆಟ್‌ಕೀಪರ್ ಇದ್ದಂಗ, ಆದ್ರ ಪ್ರತಿ ಚೆಂಡು ಹೆಂಗ ಒಗೀಬೇಕು ಅಂತ ಪಿಚರ್‌ಗೆ ಸನ್ನಿ ಮಾಡೋದೂ ಅವನ ಕೆಲಸ. 2020ರ ಮೊದಲನೇ ಸುತ್ತಿನಾಗ ಆರಿಸಿಕೊಂಡ ಹುಡುಗ. 2021ರಾಗ ಯೂಜೀನ್‌ದಾಗ ಶುರು ಮಾಡಿದ, ಸರಾಸರಿ 0.185. ಕೆಳಗಿನ ಮೆಟ್ಲಕ್ಕ, ಸ್ಯಾನ್ ಹೋಸೆಗೆ, ತಂದು ಇಳಿಸಿದ್ರು. ನಮ್ಮ ಕಡೆ ಹುಡುಗನ್ನ ಪಿಯುಸಿಯಿಂದ ಹೈಸ್ಕೂಲಿಗೆ ವಾಪಸ್ ಕಳಿಸಿದ್ರ ಹೆಂಗಾಗಬಹುದು ವಿಚಾರ ಮಾಡ್ರಿ. 22 ವರ್ಷದಾಂವ, 19 ವರ್ಷದವರ ಜೋಡಿ. ಇಲ್ಲಿ ಬಂದು 0.322 ಹೊಡದ, ಖರೇ, ಆದ್ರ ಆವಾಗ ಮಂದಿ ಏನಂದ್ರು? "ಸಣ್ಣ ಹುಡುಗೂರ ಮುಂದ ಯಾರರ ಹೊಡೀತಾರ." ಇನ್ನೊಬ್ಬ ಕೇಸಿ ಶ್ಮಿಟ್, ಅವಂದು 0.247. ಮತ್ತೊಬ್ಬ ರ‍್ಯಾಂಡಿ ರೊಡ್ರಿಗೆಸ್, ಕಡೀಕ ಬಂದು ಒಂದೆರಡು ಇನ್ನಿಂಗ್ಸ್ ಒಗದು ಹೋಗೋ ಪಿಚರ್. 62 ಇನ್ನಿಂಗ್ಸಿಗೆ 101 ಸ್ಟ್ರೈಕ್‌ಔಟ್ ಇದ್ರೂ ಕಡೀಕ ಬರೋ ಪಿಚರ್‌ಗಳನ್ನ ಪಟ್ಟಿ ಮಾಡೋರು ಮೂಸಿನೂ ನೋಡಂಗಿಲ್ಲ.

ಈಗ ರಿಜಲ್ಟು. ಬೇಯ್ಲಿ 2023ರಾಗ ದೊಡ್ಡ ಟೀಮಿಗೆ ಬಂದ. 2024ಕ್ಕೂ 2025ಕ್ಕೂ ಕ್ಯಾಚರ್ ಕೆಲಸಕ್ಕ ಗೋಲ್ಡ್ ಗ್ಲೋವ್ ಬಹುಮಾನ ತೊಗೊಂಡ. ಬ್ಯಾಟಿಂಗು 2025ರ ತನಕ ಅಷ್ಟಕ್ಕಷ್ಟ ಇತ್ತು, ಆದ್ರೂ ಅವನ ಜಾಗಾ ಅವಂದ ಇತ್ತು. ರೊಡ್ರಿಗೆಸ್ 2025ರಾಗ ಆಲ್‌ಸ್ಟಾರ್ ಆದ. ಶ್ಮಿಟ್ 2023ರಾಗ ಬಂದು ಮೊದಲನೇ ಮ್ಯಾಚಿಗೆ ಹೋಮ್ ರನ್ ಹೊಡದ, ಅಲ್ಲಿಂದ ಇಲ್ಲಿ ತನಕ ಉಪಯೋಗಕ್ಕ ಬರೋ ಹುಡುಗ ಅನಿಸಿಕೊಂಡಾನ. ಲುಸಿಯಾನೊಗ 2023, 2024ರಾಗ ಪಾಳಿ ಸಿಕ್ಕವು, ನಿಲ್ಲಲಿಲ್ಲ, 2025 ಪೂರ್ತಿ ಸ್ಯಾಕ್ರಮೆಂಟೊದಾಗ ಕಳೀತು. ಮಾತೋಸ್ 2024ರ ಮೇ ತಿಂಗಳದಾಗ ಒಂದು ವಾರ ಬೆಂಕಿ ಹಚ್ಚಿದ, ವಾರದ ಆಟಗಾರನೂ ಆದ, ಮತ್ತ ತಣ್ಣಗಾದ. ಹ್ಯಾರಿಸನ್‌ನ 2025ರ ಜೂನ್‌ದಾಗ ರಫಾಯೆಲ್ ಡೆವರ್ಸ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್ ಸಲುವಾಗಿ ಬಾಸ್ಟನ್‌ಗೆ ಕೊಟ್ಟುಬಿಟ್ರು. ಅಷ್ಟು ದೊಡ್ಡ ವ್ಯವಹಾರದಾಗ ತಕ್ಕಡಿಗೆ ಹಾಕಿದ್ರಂದ್ರ ಅವನ ಬೆಲಿ ಇಳದಿಲ್ಲ ಅಂತನ ಅರ್ಥ.

"ಆಗಿ ಹೋದದ್ದಕ್ಕ ಈಗ ಪಂಚಾಂಗ ಓದೋದು ಸರಳ ಅದ ಬಿಡವಾ" ಅಂತೀರಿ. ಇಲ್ಲಾ, 2021ರ ಸಪ್ಟೆಂಬರ್‌ದಾಗನ ಕಾಣಸ್ತಿದ್ದ ಮಾತು ಇದಾವ. ಮಾತೋಸ್ 109 ಮ್ಯಾಚಿನ್ಯಾಗ ಸ್ಟ್ರೈಕ್‌ಔಟ್ ಆಗಿದ್ದು ಬರೇ 61 ಸಲ, ಅದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರು. ಆದ್ರ ಅವಂಗ ಸಿಕ್ಕ 'ವಾಕ್' 30ರ ಒಳಗ. ವಾಕ್ ಅಂದ್ರ ಪಿಚರ್ ನಾಕು ಚೆಂಡು ಹೊರಗ ಒಗದ್ರ ಬ್ಯಾಟ್ಸ್‌ಮನ್ ಪುಕಟ ಮೊದಲನೇ ಬೇಸಿಗೆ ಹೋಗೋದು. ಅದು ಸಿಗಬೇಕಂದ್ರ ಕೆಟ್ಟ ಚೆಂಡು ಬಿಡೋ ಸಂಯಮ ಬೇಕು. ಈ ಹುಡುಗ ಏನು ಬಂದ್ರೂ ಬೀಸತಿದ್ದ, ಕೈ ಛಲೋ ಇದ್ದದ್ದಕ್ಕ ಹತ್ತತಿತ್ತು. ಮ್ಯಾಲಿನ ಪಿಚರ್‌ಗಳು ಇದನ್ನ ಒಂದು ವಾರದಾಗ ಓದಿಬಿಡ್ತಾರ. ತಾಟಿಗೆ ಬಡಿಸಿದ್ದೆಲ್ಲಾ ಉಣ್ಣೋ ಹುಡುಗನ್ನ ನೋಡಿ 'ಹಸಿವಿ ಛಲೋ ಅದ' ಅಂತ ಖುಷಿ ಪಡೋದು ಬ್ಯಾರೆ, ಅವಂಗ ಬ್ಯಾಡ ಅನಲಿಕ್ಕೆ ಬರ್ತದನೋ ಇಲ್ಲೋ ಅಂತ ನೋಡೋದು ಬ್ಯಾರೆ. ಲುಸಿಯಾನೊಂದು ಯೂಜೀನ್‌ದಾಗಿನ ಆ 36 ಮ್ಯಾಚು ಎಲ್ಲಾರ ಕಣ್ಣ ಮುಂದ ಇತ್ತು, 'ದಣದಾನ' ಅಂತ ಹೇಳಿ ಬದೀಗೆ ಸರಿಸಿದ್ರು. ಮತ್ತ ಬೇಯ್ಲಿ? ಬ್ಯಾಟಿಂಗ್ ಹಾಳಾದ ದಿನಾನೂ ಅವನ ಕೈಗವಸು ಹಾಳಾಗಿರಲಿಲ್ಲ. ಅಂಚಿಗೆ ಬಂದ ಚೆಂಡನ್ನ ಸಪ್ಪಳಿಲ್ಲದಂಗ ಹಿಡದು ಅಂಪೈರ್ ಕಡಿಂದ ಸ್ಟ್ರೈಕ್ ಅನಸೋ ವಿದ್ಯಾ ಅದು, ಯಾವ ಸರಾಸರಿಯೊಳಗೂ ಕಾಣಂಗಿಲ್ಲ. (2026ರಿಂದ ದೊಡ್ಡ ಲೀಗಿನ್ಯಾಗ ಅಂಪೈರ್ ಮ್ಯಾಲೆ ಮಷೀನಿಗೆ ಅಪೀಲ್ ಮಾಡೋ ಪದ್ಧತಿ ತಂದಾರ, ಆ ವಿದ್ಯಾದ ಬೆಲಿ ಇನ್ನ ಎಷ್ಟು ಉಳೀತದೋ ನೋಡಬೇಕು.) ಮನಿಯೊಳಗ ಹಂಗ ಅಲ್ಲೇನ್ರಿ, ಒಗ್ಗರಣಿ ಹಾಕಿದಾಕಿ ಹೆಸರು ಎಲ್ಲಾರೂ ಹೇಳ್ತಾರ, ನಸಿಕಿನ್ಯಾಗ ಎದ್ದು ಅಕ್ಕಿ ಆರಿಸಿದಾಕಿ ಲೆಕ್ಕಕ್ಕ ಬರಂಗಿಲ್ಲ.

ಅದಕ್ಕ ನಾ ನೋಡೋದು ಹಿಂಗ. ವಯಸ್ಸು ಎಷ್ಟು, ತನ್ನಕಿಂತ ದೊಡ್ಡವರ ಮುಂದ ಆಡ್ಯಾನೋ ಸಣ್ಣವರ ಮುಂದೋ. ಸೋತ ಮ್ಯಾಲೆ ಏನು ಬದಲಿ ಮಾಡಿಕೊಂಡ. ಬ್ಯಾಟ್ ಕೈಯಾಗ ಇಲ್ಲದಾಗ ಏನು ಮಾಡ್ತಾನ. ಹೋಮ್ ರನ್ ಲೆಕ್ಕ ಎಲ್ಲಾದಕ್ಕಿಂತ ಕಡೀಕ, ಯಾಕಂದ್ರ ಕ್ಯಾಲಿಫೋರ್ನಿಯಾ ಲೀಗಿನ ಒಳನಾಡಿನ ಊರುಗಳ ಒಣ ಬಿಸಲಿನ್ಯಾಗ ಚೆಂಡು ತಾನ ಹಾರ್ತದ.

ಮೊದಲ ಈ ಹುಡುಗೂರು ಎಷ್ಟೋ ಊರಾಗ ಮಂದಿ ಮನಿಯೊಳಗ ಇರತಿದ್ರು, ಹೋಸ್ಟ್ ಫ್ಯಾಮಿಲಿ ಅಂತ. ಮನಿಯಾಕಿ ಒಂದು ಖೋಲಿ ಕೊಟ್ಟು, ರಾತ್ರಿ ಹನ್ನೊಂದಕ್ಕ ಮ್ಯಾಚ್ ಮುಗಿಸಿ ಬಂದವಂಗ ಊಟ ಬಿಸಿ ಮಾಡಿ ಹಾಕತಿದ್ಳು. 2022ರಿಂದ ಟೀಮಿನವರ ಮನಿ ಕೊಡಬೇಕು ಅಂತ ನಿಯಮ ಆತು, ಅದು ನ್ಯಾಯಾನ. ಆದ್ರ ಆ ಹೆಣ್ಣಮಕ್ಕಳನ್ನ ಯಾರರ ಕೂಡಿಸಿ ಕೇಳಿದ್ರನು? ಯಾವ ಹುಡುಗ ಮೂರು ಸಲ ಸ್ಟ್ರೈಕ್‌ಔಟ್ ಆಗಿ ಬಂದು ಮಾತಾಡದ ಬಾಗಲಾ ಹಾಕ್ಕೊಂಡ, ಯಾವಾಂವ ಎರಡು ತುತ್ತು ಉಂಡು ನಾಳಿನ ಪಿಚರ್‌ದು ವಿಡಿಯೋ ನೋಡಕೋತ ಕೂತ, ಯಾವಾಂವ ಇಂಗ್ಲಿಷ್ ಕಲಿಲಿಕ್ಕೆ ನಾಚಿಕೊಳ್ಳಲಿಲ್ಲ. ಸ್ಕೌಟ್‌ಗಳು 20ರಿಂದ 80ರ ತನಕ ಮಾರ್ಕ್ಸ್ ಹಾಕ್ತಾರ, ಓಟಕ್ಕ ಇಷ್ಟು, ಕೈ ಬಲಕ್ಕ ಇಷ್ಟು, ಅಂತ. ಇದು ಆ ಮಾರ್ಕ್ಸಿನ್ಯಾಗ ಪೂರ್ತಿ ಕಾಣಂಗಿಲ್ಲ.

ಇಷ್ಟ್ಯಾಕ ತಲಿ ಕೆಡಿಸಿಕೋತೀನಂದ್ರ, ಈ ಮಾರ್ಕ್ಸ್ ಬರೇ ಹರಟಿ ಅಲ್ಲ. 2023ರ ಒಪ್ಪಂದ ಆಗೋ ತನಕ ಈ ಮೆಟ್ಲದ ಹುಡುಗಂಗ ವರ್ಷಕ್ಕ 11,000 ಡಾಲರ್ ಬರತಿತ್ತು, ಆಮ್ಯಾಲೆ 26,200 ಆತು. ಸ್ಯಾನ್ ಹೋಸೆದಾಗ ಅಷ್ಟರಾಗ ಒಂದು ಖೋಲಿ ಬಾಡಗಿ ಕೊಟ್ಟು ಉಣ್ಣೋದು ಹೆಂಗ ಅಂತ ಇಲ್ಲಿರೋರಿಗೆ ಗೊತ್ತದ. ದೊಡ್ಡ ಲೀಗಿನ್ಯಾಗ 2025ಕ್ಕ ಕಡಿಮಿ ಅಂದ್ರ 7,60,000 ಡಾಲರ್. ನಡಕ ಇರೋದು ನಾಕ ಮೆಟ್ಲಾ. ಮತ್ತ 2024ರಿಂದ ಒಂದು ಟೀಮು ಕೆಳಗಿನ ಎಲ್ಲಾ ಮೆಟ್ಲಾ ಸೇರಿಸಿ 165 ಮಂದಿಕಿಂತ ಹೆಚ್ಚು ಇಟಗೊಳ್ಳೋ ಹಂಗಿಲ್ಲ, ಮೊದಲ 180 ಇತ್ತು. ಪ್ರತಿ ಜುಲೈಗೆ 20 ಸುತ್ತಿನ ಆಯ್ಕಿಯೊಳಗ ಹೊಸಾ ಹುಡುಗೂರು ಬರ್ತಾರ, ಹೊರದೇಶದವರು ಬ್ಯಾರೆ. ಬಂದಷ್ಟೂ ಮಂದಿ ಹೊರಗ ಹೋಗಲಿಕ್ಕೇ ಬೇಕು. ಕೆಲವರನ್ನ ಸೀಸನ್ ಮುಗದ ಕೂಡ್ಲೆ, ಕೆಲವರನ್ನ ಮಾರ್ಚಿನ್ಯಾಗ ಕೈಬಿಡ್ತಾರ.

ಇಲ್ಲೇ ರೊಕ್ಕದ ಲೆಕ್ಕ ಬರ್ತದ. ಹೆಲಿಯಟ್ ರಾಮೋಸ್ ಅಂತ ಒಬ್ಬ ಇದ್ದಾನ. 2017ರ ಮೊದಲನೇ ಸುತ್ತು, 2019ರಾಗ ಇಲ್ಲೇ ಆಡಿ 0.306 ಹೊಡದ. 2022ರಾಗ ಸ್ಯಾಕ್ರಮೆಂಟೊದಾಗ 0.227ಕ್ಕ ಬಿದ್ದ. ಎಲ್ಲಾರೂ ಮುಗೀತು ಅಂದ್ರು, ಟೀಮು ಬಿಡಲಿಲ್ಲ, 2024ಕ್ಕ ಆಲ್‌ಸ್ಟಾರ್ ಆಗಿ ನಿಂತ. ಭಾಳ ಛಲೋ ಆತು. ಆದ್ರ ಅವಂಗ ಅಷ್ಟು ತಾಳ್ಮಿ ಸಿಕ್ಕದ್ದು ಮೊದಲನೇ ಸುತ್ತಿನ ಹುಡುಗ ಅಂತ. ಹದಿನೆಂಟನೇ ಸುತ್ತಿನಾವ 0.227ಕ್ಕ ಬಿದ್ದಿದ್ರ ಆ ಚಳಿಗಾಲನ ಮನಿಗೆ ಕಳಸತಿದ್ರು. ಅಂಥಾ ಸುತ್ತಿನಾಗ ಮಂದಿ ಇಲ್ಲಂತಲ್ಲ. ಮ್ಯಾಟ್ ಡಫಿ 2012ರ ಹದಿನೆಂಟನೇ ಸುತ್ತಿನಾವ, ಇಲ್ಲೇ ಆಡಿ ಹೋಗಿ 2015ರಾಗ ವರ್ಷದ ಹೊಸ ಆಟಗಾರನ ಬಹುಮಾನಕ್ಕ ಎರಡನೇ ನಂಬರ್ ಬಂದ. ಅವಂಗ ಸೋಲಲಿಕ್ಕೆ ಪುರಸತ್ತು ಇರಲಿಲ್ಲ, ಅಷ್ಟ. ಮನಿಯೊಳಗ ಒಬ್ಬ ಮಗಂಗ ಮೂರು ಸಲ ಸಿಇಟಿ ಬರಿಸಿ, ಇನ್ನೊಬ್ಬಾಕಿಗೆ ಒಂದ ಸಲಕ್ಕ 'ಸಾಕು, ಬಿಎ ಮಾಡು' ಅಂದ ತಂದಿ ತಾಯಿ ನಮ್ಮೊಳಗ ಕಡಿಮಿ ಇಲ್ಲಾ. ಆಮ್ಯಾಲೆ ಹೇಳ್ತಾರ, "ಅವನ ಶಾಣ್ಯಾ, ನೋಡ್ರಿ ಹೆಂಗ ಬಂದ" ಅಂತ.

ಮುಂದಿನ ಏಪ್ರಿಲ್‌ಕ್ಕ ಇಲ್ಲಿಗೆ ಬರೋರಿದ್ದೀರಲ್ಲಾ, ಮಾವಶಿ, ಕಾಕು, ಒಂದು ಸಂಜಿ ಗ್ರೌಂಡಿಗೆ ಕರಕೊಂಡು ಹೋಗತೀನಿ. ಸೋಮವಾರ ಸೂಟಿ, ಮಂಗಳವಾರದಿಂದ ರವಿವಾರದ ತನಕ ಅದ ಎರಡು ಟೀಮು ಆರು ಮ್ಯಾಚು ಆಡ್ತಾವ. ಮಂಗಳವಾರ ಒಂದು ಸಲ, ಶನಿವಾರ ಒಂದು ಸಲ ಹೋಗೋಣ. ಮಂಗಳವಾರ ಯಾವ ಚೆಂಡಿಗೆ ಔಟ್ ಆಗಿದ್ದ, ಶನಿವಾರ ಅದ ಚೆಂಡು ಬಂದಾಗ ಬಿಟ್ಟನೋ ಇಲ್ಲೋ ನೋಡ್ರಿ. ಸ್ವೆಟರ್ ತರ್ರಿ, ಒಂಬತ್ತಕ್ಕ ಥಂಡಿ ಬೀಳ್ತದ.