ಟಪಾಲಿನ ಪೆಟ್ಟಿಗೆ ಬ್ರೌಸರಿನಲ್ಲಿರಲಿ, ಕೀಲಿಕೈ ನಮ್ಮಲ್ಲಿರಲಿ

ಅಂತರ್ಜಾಲ ನೋಡುವ ಬ್ರೌಸರಿನೊಳಗೇ ಇ-ಮೇಲ್ ಓದುವ, ಬರೆಯುವ, ಕೂಡಿಡುವ ಸಾಧನವೂ ಇರಬೇಕೇ? ಇದು ಯಂತ್ರಜ್ಞರ ಹರಟೆಯೆಂದು ಗಿರಣಿ ಕಾಮಗಾರರೂ ಚಿಕ್ಕ ವ್ಯಾಪಾರಸ್ಥರೂ ತಳ್ಳಿಹಾಕಬಾರದು. ಜಿ. ಎಸ್. ಟಿ. ಕಾಯದೆಯ 169ನೆಯ ಕಲಮಿನಂತೆ, ನೋಂದಣಿಯ ಕಾಲಕ್ಕೆ ಕೊಟ್ಟ ಇ-ಮೇಲ್ ವಿಳಾಸಕ್ಕೆ ನೋಟೀಸು ಕಳಿಸುವದೂ ಅದನ್ನು ಮುಟ್ಟಿಸುವ ಸಕ್ರಮ ಮಾರ್ಗಗಳಲ್ಲೊಂದು. ಅಂಗಡಿಕಾರನು ಪೆಟ್ಟಿಗೆ ತೆರೆದು ನೋಡಲಿಲ್ಲವೆಂದು ಗಡುವು ಕಾಯುವದಿಲ್ಲ.

ಹಿಂದೆ ಇವೆರಡೂ ಒಂದೇ ಮನೆಯಲ್ಲಿದ್ದವು. 1997ರ ನೆಟ್‌ಸ್ಕೇಪ್ ಕಮ್ಯುನಿಕೇಟರಿನಲ್ಲಿ ಬ್ರೌಸರೂ ಟಪಾಲೂ ಕೂಡಿಯೇ ಬಂದವು. ಭಾರ ಹೆಚ್ಚಾಯಿತೆಂದು ಮೊಝಿಲ್ಲಾದವರು ಪಾಲು ಮಾಡಿದರು. 2004ರಲ್ಲಿ ಫೈರ್‌ಫಾಕ್ಸ್ ಬೇರೆ, ಥಂಡರ್‌ಬರ್ಡ್ ಬೇರೆ ಆದವು. ಆಪೆರಾ 2013ರಲ್ಲಿ ಟಪಾಲನ್ನು ಹೊರಗೆ ಹಾಕಿತು. ವಿವಾಲ್ಡಿ 2022ರಲ್ಲಿ ಮತ್ತೆ ಒಳಗೆ ತಂದಿತು.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಡನೆ 1996ರಲ್ಲಿ ಹಾಟ್‌ಮೇಲ್ ತೆರೆದಂದಿನಿಂದ ಯಾವ ಬ್ರೌಸರಿನಲ್ಲಾದರೂ ಟಪಾಲು ಓದಬಹುದಲ್ಲ, ಬೇರೆ ಸಾಧನವೇಕೆ ಎಂದು ಕೆಲವರು ಕೇಳುವರು. ಮಲಪ್ರಭೆ ಹುಟ್ಟುವ ನಮ್ಮ ಕಣಕುಂಬಿಯಂಥ ಊರನ್ನು ಅವರು ನೆನೆಯಬೇಕು. ಸಹ್ಯಾದ್ರಿಯ ಗುಡ್ಡ ಕಾಡುಗಳ ನಡುವೆ ಸಂಪರ್ಕವು ಬಂದಷ್ಟೇ ಬೇಗ ಹೋಗುವದುಂಟು. ಬಂದಾಗ ಪತ್ರಗಳನ್ನೆಲ್ಲ ಇಳಿಸಿಟ್ಟುಕೊಂಡರೆ, ಹೋದ ಮೇಲೂ ಓದಬಹುದು, ಉತ್ತರ ಬರೆದಿಡಬಹುದು. ನಾಳೆ ಕಂಪನಿಯವರು ಖಾತೆ ಮುಚ್ಚಿದರೂ ಹಳೆಯ ಪತ್ರಗಳ ಪ್ರತಿ ನಮ್ಮಲ್ಲಿರುತ್ತದೆ. ಬೇರೆ ತಂತ್ರಾಂಶ ಹುಡುಕಿ ಹಾಕಿಕೊಳ್ಳಲು ಅರಿಯದವನಿಗೆ, ದಿನವೂ ತೆರೆಯುವ ಬ್ರೌಸರಿನಲ್ಲೇ ಅದು ಸಿಗುವದು ದೊಡ್ಡ ಸವಲತ್ತು.

ಆದರೆ ಸವಲತ್ತೇ ಸಂಕೋಲೆಯಾಗಬಾರದು. ಫೋನು ತಯಾರಕರು ತನ್ನ ತಂತ್ರಾಂಶಗಳ ಗಂಟನ್ನು ಇಡಿಯಾಗಿ ಹಾಕಿಕೊಡಲೇಬೇಕೆಂಬ ಕರಾರು ಮುಂತಾದ ಕಾರಣಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಮೊದಲೇ ಹಾಕಿಕೊಟ್ಟದ್ದನ್ನು ಸಾಮಾನ್ಯ ಮನುಷ್ಯನು ಬದಲಿಸುವದಿಲ್ಲವೆಂಬುದು ಬಂಡವಾಳಗಾರರಿಗೆ ಚೆನ್ನಾಗಿ ಗೊತ್ತು. ದಾರಿಯೂ ಅವರದೇ, ಟಪಾಲು ಕಚೇರಿಯೂ ಅವರದೇ ಆದ ಮೇಲೆ ಸುಂಕ ಕೇಳುವವರಿಗೆ ಎದುರಾಡುವವರಾರು?

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಬ್ರೌಸರಿನಲ್ಲಿ ಟಪಾಲು ಇರಲಿ, ಆದರೆ,

1. ಬಳಸುವವನು ಬೇಕೆಂದಾಗ ಮಾತ್ರ ಅದು ತೆರೆಯಬೇಕು, ಬೇಡವೆಂದರೆ ತೆಗೆಯಲು ಬರಬೇಕು. ಹತ್ತು ಜನ ಕೂಡಿ ಬಳಸುವ ಗಣಕಯಂತ್ರದಲ್ಲಿ ಒಬ್ಬನ ಪತ್ರಗಳು ಉಳಿಯುವದು ಅಪಾಯಕರ.

2. ಐಮ್ಯಾಪ್, ಪಾಪ್ ಎಂಬ ಸಾರ್ವಜನಿಕ ನಿಯಮಗಳ ಮೂಲಕ ಯಾವ ಕಂಪನಿಯ ಪೆಟ್ಟಿಗೆಯನ್ನಾದರೂ ಅದು ತೆರೆಯುವಂತಿರಬೇಕು.

3. ಕೂಡಿಟ್ಟ ಪತ್ರಗಳನ್ನು ಬೇರೆಡೆ ಒಯ್ಯಲು ಬರಬೇಕು. ಅದರ ಸೂಚನೆಗಳು ಕನ್ನಡದಲ್ಲಿರಬೇಕು.

ಕಂಪನಿಗಳು ತಾವಾಗಿ ಇದನ್ನು ಕೊಡುವವೆಂದು ನಾವು ನಂಬಿಲ್ಲ; ಸರಕಾರವು ನಿಯಮ ಮಾಡಬೇಕು. ಅಲ್ಲಿಯವರೆಗೆ ಪ್ರತಿಯೊಂದು ಕಾಮಗಾರ ಸಂಘವೂ ವ್ಯಾಪಾರಸ್ಥರ ಸಂಘವೂ ಇದನ್ನು ಬಲ್ಲ ಒಬ್ಬ ತರುಣನನ್ನು ವಾರಕ್ಕೊಂದು ಸಂಜೆ ಕೂಡಿಸಿ ಉಳಿದವರಿಗೆ ಕಲಿಸಲಿ. ನೋಟೀಸು ಓದಿಸಿಕೊಳ್ಳಲು ದಲ್ಲಾಳಿಯ ಬಾಗಿಲಿಗೆ ಹೋಗುವದು ಅಷ್ಟರಿಂದಲೇ ಅರ್ಧ ತಪ್ಪುವದು.